ಡೇಟನ್‌ನಲ್ಲಿ ಮುದಿ ಬಾಂಬರ್‌ಗಳ ನಡುವೆ

ಅಮೆರಿಕದ ಒಹಾಯೋ ರಾಜ್ಯದಲ್ಲಿ, ಡೇಟನ್ ನಗರದ ಪಕ್ಕದ ರೈಟ್-ಪ್ಯಾಟರ್ಸನ್ ನೆಲೆಯಲ್ಲಿ ಅಮೆರಿಕ ವಾಯುಪಡೆಯ ರಾಷ್ಟ್ರೀಯ ಮ್ಯೂಸಿಯಂ ಇದೆ. ಪ್ರವೇಶ ಉಚಿತ. ಒಳಗೆ ಹೋದರೆ ಒಂದಾದ ಮೇಲೊಂದು ನಾಲ್ಕು ಭಾರಿ ಹ್ಯಾಂಗರ್‌ಗಳು. ಎಲ್ಲವನ್ನೂ ನೋಡಲು ಹೊರಟರೆ ಕಾಲು ಸೋಲುತ್ತದೆ. ಹಾಗಾಗಿ ಬಾಂಬರ್‌ಗಳನ್ನಷ್ಟೇ ಹುಡುಕಿಕೊಂಡು ಹೋದೆ.

ಮೊದಲು ಸಿಕ್ಕಿದ್ದು ಬಿ-36. ರೆಕ್ಕೆಯ ಈ ತುದಿಯಿಂದ ಆ ತುದಿಗೆ 70 ಮೀಟರ್. ಪ್ರೊಪೆಲ್ಲರ್ ಎಂಜಿನ್ ಆರು, ಸಾಲದ್ದಕ್ಕೆ ಜೆಟ್ ಎಂಜಿನ್ ನಾಲ್ಕು! ಪ್ರೊಪೆಲ್ಲರ್ ಕಾಲ ಮುಗಿದು ಜೆಟ್ ಕಾಲ ಶುರುವಾಗುವ ಗೊಂದಲವೆಲ್ಲ ಒಂದೇ ರೆಕ್ಕೆಯ ಮೇಲಿದೆ. 1959ರಲ್ಲಿ ಇದೇ ವಿಮಾನ ಇಲ್ಲಿಗೆ ಹಾರಿ ಬಂತು. ಬಿ-36ಗಳ ಕೊನೆಯ ಹಾರಾಟ ಅದೇ. ಅದರ ಜಾಗಕ್ಕೆ ಬಂದದ್ದು ಬಿ-52.

ಬಿ-52ರ ಜಾಗಕ್ಕೆ? ಅದಕ್ಕೆ ಉತ್ತರ ನಾಲ್ಕನೇ ಹ್ಯಾಂಗರ್‌ನಲ್ಲಿದೆ. ಎಕ್ಸ್‌ಬಿ-70 ವಾಲ್ಕೈರಿ, ಉದ್ದ ಕುತ್ತಿಗೆಯ ಬಿಳಿ ವಿಮಾನ. ಬಾಲದಲ್ಲಿ ಆರು ಎಂಜಿನ್, ಶಬ್ದದ ಮೂರು ಪಟ್ಟು ವೇಗ. ಇದರ ಮುಂದೆ ಸುಮ್ನೆ ತುಂಬಾ ಹೊತ್ತು ನಿಂತಿದ್ದೆ, ಅಷ್ಟು ಚೆಂದ. ಎತ್ತರ ಜಾಸ್ತಿ, ವೇಗ ಜಾಸ್ತಿ ಇದ್ದರೆ ಶತ್ರು ಕೈಗೆ ಸಿಗುವುದಿಲ್ಲ ಅನ್ನುವುದು ಆಗಿನ ಲೆಕ್ಕ. ನೆಲದಿಂದ ಹಾರುವ ಕ್ಷಿಪಣಿಗಳು ಆ ಲೆಕ್ಕವನ್ನೇ ಕೆಡಿಸಿದವು. 1961ರಲ್ಲಿ ಕೆನಡಿ ಸರ್ಕಾರ ಇದನ್ನು ಬರೀ ಸಂಶೋಧನಾ ವಿಮಾನವಾಗಿಸಿತು. ಕಟ್ಟಿದ್ದು ಎರಡೇ. ಒಂದು 1966ರಲ್ಲಿ ಆಕಾಶದಲ್ಲೇ ಎಫ್-104 ವಿಮಾನಕ್ಕೆ ತಾಗಿ ಬಿತ್ತು. ಉಳಿದದ್ದು ಇದು.

ಬಿ-52ಕ್ಕೆ ಅಂಥ ರೂಪವಿಲ್ಲ. ಇಲ್ಲಿರುವುದು ವಿಯೆಟ್ನಾಂ ಯುದ್ಧ ಕಂಡ 'ಡಿ' ಮಾದರಿ. ದಪ್ಪ ಮೈ, ಎಂಟು ಎಂಜಿನ್. ಆದರೆ ಆ ದಪ್ಪ ಮೈಯೇ ಅದನ್ನು ಉಳಿಸಿತು ಅನ್ನಿಸುತ್ತದೆ. ಎತ್ತರ ಅಪಾಯ ಅಂದಾಗ ಕೆಳಗೆ ಹಾರಿತು. ಅದೂ ಅಪಾಯ ಅಂದಾಗ ದೂರದಲ್ಲೇ ನಿಂತು ಕ್ರೂಸ್ ಕ್ಷಿಪಣಿ ಬಿಟ್ಟಿತು. ಹೊಸದೇನು ಬಂದರೂ ತುಂಬಿಕೊಳ್ಳಲು ಜಾಗ ಇತ್ತು. ಕೊನೆಯ ಬಿ-52 ತಯಾರಾದದ್ದು 1962ರಲ್ಲಿ. ಈಗಲೂ ಸೇವೆಯಲ್ಲಿರುವ 'ಎಚ್' ಮಾದರಿಗೆ ರೋಲ್ಸ್-ರಾಯ್ಸ್ ಎಂಜಿನ್ ಹಾಕಿ 2050ರ ದಶಕದವರೆಗೆ ಹಾರಿಸುವ ಯೋಜನೆ ಇದೆ. ಆಗಲೂ ಎಂಜಿನ್ ಎಂಟೇ! ನಾಲ್ಕು ದೊಡ್ಡವು ಹಾಕಿದರೆ, ಒಂದು ಕೆಟ್ಟಾಗ ವಿಮಾನವನ್ನು ನೇರ ಹಿಡಿಯುವಷ್ಟು ಶಕ್ತಿ ಬಾಲದ ಚುಕ್ಕಾಣಿಗಿಲ್ಲ.

ಬಿ-1 ಮತ್ತು ಬಿ-2 ಎರಡೂ ಇಲ್ಲಿವೆ. ಈ ಬಿ-2 ಒಮ್ಮೆಯೂ ಹಾರಿಲ್ಲ, ಗಟ್ಟಿತನದ ಪರೀಕ್ಷೆಗೆಂದೇ ಕಟ್ಟಿದ್ದು. ಬಿ-52ಗಿಂತ ಎಷ್ಟೋ ಚಿಕ್ಕ ವಯಸ್ಸಿನ ಇವೆರಡೂ ಅದಕ್ಕಿಂತ ಮೊದಲೇ ನಿವೃತ್ತಿಯಾಗಲಿವೆ. ವಿಚಿತ್ರ ಅಲ್ವಾ?

ಅವುಗಳ ಜಾಗಕ್ಕೆ ಬರುವ ಬಿ-21 ರೇಡರ್ ಇಲ್ಲಿಲ್ಲ. ಅದು ಮೊದಲು ಹಾರಿದ್ದೇ 2023ರ ನವೆಂಬರ್‌ನಲ್ಲಿ. ಅದರ ಹೆಸರಿನ ಮೂಲ ಮಾತ್ರ ಇಲ್ಲಿದೆ: 1942ರಲ್ಲಿ ಜಪಾನ್ ಮೇಲೆ ದಾಳಿ ಮಾಡಿ 'ರೇಡರ್ಸ್' (ದಾಳಿಕಾರರು) ಅನ್ನಿಸಿಕೊಂಡ ಡೂಲಿಟಲ್ ತಂಡದ 80 ಜನರ ಹೆಸರಿನ ಬೆಳ್ಳಿ ಲೋಟಗಳು. ಬಿ-21ಗಳನ್ನು ಕನಿಷ್ಠ 100 ಕಟ್ಟುವುದಾಗಿ ವಾಯುಪಡೆ ಹೇಳುತ್ತಿದೆ. ಬಿ-2 ಕೂಡ 132 ಬೇಕು ಅಂತಿದ್ದರು. ವಿಪರೀತ ಖರ್ಚು, ಮೇಲೆ ಶೀತಲ ಸಮರವೂ ಮುಗಿಯಿತು. ಕೊನೆಗೆ ಸಿಕ್ಕಿದ್ದು 21.