ಬ್ರಾನ್ ಹೊಳೆಯಲ್ಲಿ ಮಿಲೇ

ಶನಿವಾರ, ಅಕ್ಟೋಬರ್ 26, 2024
ಡಂಕೆಲ್ಡ್, ಸ್ಕಾಟ್ಲೆಂಡ್

ಇಂಗ್ಲಿಷ್ ಚಿತ್ರಕಾರ ಜಾನ್ ಎವರೆಟ್ ಮಿಲೇ 1876ರಲ್ಲಿ ಚಿತ್ರ ಬರೆದ ಜಾಗವನ್ನು ಇವತ್ತು ನೋಡಿದೆ. ಡಂಕೆಲ್ಡ್ ಹತ್ತಿರ ಬ್ರಾನ್ ಹೊಳೆಗೆ ಕಟ್ಟಿದ ರಂಬ್ಲಿಂಗ್ ಬ್ರಿಡ್ಜ್. ಕಿನ್ರಾಸ್ ಕಡೆ ಇದೇ ಹೆಸರಿನ ಊರೇ ಒಂದಿದೆ, ಮ್ಯಾಪ್ ನಂಬಿ ಹೊರಡುವವರು ಹುಷಾರು.

ಚಿತ್ರದ ಹೆಸರು ‘ದಿ ಸೌಂಡ್ ಆಫ್ ಮೆನಿ ವಾಟರ್ಸ್’, ಬೈಬಲಿನಿಂದ ತೆಗೆದುಕೊಂಡದ್ದು. ಬಂಡೆಗಳು, ಅವುಗಳ ನಡುವೆ ನುಗ್ಗಿ ಬರುವ ಹೊಳೆ, ಹಿಂದೆ ಬಣ್ಣ ತಿರುಗಿದ ಕಾಡು. ಅಷ್ಟೇ. ಕಥೆ ಹೇಳೋಕೆ ಅಲ್ಲಿ ಏನೂ ಇಲ್ಲ. ವಿಕ್ಟೋರಿಯಾ ಕಾಲದ ಚಿತ್ರಗಳಲ್ಲಿ ಎಲ್ಲಾದರೂ ಒಬ್ಬ ಕುರುಬನೋ, ಅಳುವ ಹುಡುಗಿಯೋ ಇರಲೇಬೇಕು ಅನ್ನುವ ಹಾಗಿರುತ್ತೆ. ಇಲ್ಲಿ ಆ ಕಾಟ ಇಲ್ಲ.

ಸೇತುವೆ ಮೇಲೆ ನಿಂತರೆ ಪಕ್ಕದವರ ಮಾತೂ ಸರಿಯಾಗಿ ಕೇಳಲ್ಲ. ನೀರು ನಮ್ಮ ಕಾಫಿ ಡಿಕಾಕ್ಷನ್ ಬಣ್ಣ. ಕೊಳೆಯಲ್ಲ ಅದು. ಮೇಲಿನ ಗುಡ್ಡಗಳಲ್ಲಿ ಗಿಡಗಂಟಿ ಅರೆಬರೆ ಕೊಳೆತು ಆದ ಪೀಟ್ ಮಣ್ಣಿದೆ, ಅದರ ಬಣ್ಣ ಇಳಿದು ಬರುತ್ತೆ. ಬಂಡೆಗೆ ಬಡಿದು ಎದ್ದ ನೊರೆ ಕೂಡ ಪೂರ್ತಿ ಬಿಳಿಯಲ್ಲ, ಸುಳಿಯಲ್ಲಿ ಸುತ್ತುತ್ತಾ ಹಳದಿಗೆ ತಿರುಗುತ್ತೆ. ಫೋನಿನಲ್ಲಿ ಮಿಲೇಯ ಚಿತ್ರ ತೆರೆದು ಹೊಳೆಯ ಎದುರಿಗೆ ಹಿಡಿದೆ. ಅದರಲ್ಲೂ ನೀರು ನೀಲಿಯಲ್ಲ. ಸ್ಟುಡಿಯೋದಲ್ಲಿ ಬೆಚ್ಚಗೆ ಕೂತವನಿಗೆ ಇದು ಹೊಳೆಯುತ್ತಿರಲಿಲ್ಲ ಅನ್ನಿಸುತ್ತೆ. ಚಳಿ ಗಾಳಿ ತಡೆಯೋಕೆ ಮರದ ಗುಡಿಸಲು ಹಾಕಿಸಿಕೊಂಡು ಮಿಲೇ ಇಲ್ಲೇ ಕೆಲಸ ಮಾಡಿದ್ದ. ಇವತ್ತು ಒಂದು ತಾಸು ನಿಂತಿದ್ದಕ್ಕೇ ನನ್ನ ಬೆರಳು ಮರಗಟ್ಟಿತು. ಬ್ರಷ್ ಹಿಡಿಯೋದು ದೂರದ ಮಾತು.

ಮಿಲೇ ಅಂದರೆ ಯಾರು ಅಂತ ಕೇಳುವವರಿಗೆ ಪಿಯರ್ಸ್ ಸೋಪ್ ನೆನಪಿಸಬೇಕು. ಗುಳ್ಳೆ ಊದುತ್ತಾ ಮೇಲೆ ನೋಡುವ ಗುಂಗುರು ಕೂದಲಿನ ಹುಡುಗನ ಹಳೇ ಜಾಹೀರಾತು ಇದೆಯಲ್ಲ, ಆ ಚಿತ್ರ 1886ರದ್ದು, ಇವನದೇ. ಅದರಿಂದಾಗಿ ದುಡ್ಡಿಗೆ ಮಾರಿಕೊಂಡ ಅನ್ನುವ ಮಾತು ಅವನಿಗೆ ಅಂಟಿಕೊಂಡಿತು. ಚಿಕ್ಕ ವಯಸ್ಸಿನಲ್ಲಿ ಗೆಳೆಯರ ಜೊತೆ, ರಾಫೆಲ್‌ಗೂ ಹಿಂದಿನ ಕಲೆಯೇ ಮಾದರಿ ಅನ್ನುವ ಪ್ರಿ-ರಾಫೆಲೈಟ್ ಗುಂಪು ಕಟ್ಟಿದವನು, ಆಮೇಲೆ ಶ್ರೀಮಂತರ ಭಾವಚಿತ್ರ ಬರೆದು ಹಾಳಾದ ಅಂತ. ಹಾಗೆ ಹೇಳುವವರು ಈ ಹೊಳೆಯ ಚಿತ್ರವನ್ನು ಸರಿಯಾಗಿ ನೋಡಿಲ್ಲ ಅಂತಲೇ ನನ್ನ ಅಭಿಪ್ರಾಯ. ಭಾವಚಿತ್ರದಿಂದ ದುಡ್ಡು ಬರುತ್ತಿತ್ತು ನಿಜ. ಆದರೆ ಇಷ್ಟು ಚಳಿಯಲ್ಲಿ ಬಂಡೆಗಳ ನಡುವೆ ಕೂರು ಅಂತ ಯಾರೂ ಅವನನ್ನು ಒತ್ತಾಯ ಮಾಡಿರಲಿಲ್ಲ, ಅಲ್ವಾ?

ಸ್ಕಾಟ್ಲೆಂಡಿನ ಹೊಳೆ ಅವನಿಗೆ ಹೊಸದೂ ಅಲ್ಲ. 1853ರಲ್ಲಿ ಗ್ಲೆನ್‌ಫಿನ್ಲಾಸ್‌ನಲ್ಲಿ ವಿಮರ್ಶಕ ಜಾನ್ ರಸ್ಕಿನ್‌ನನ್ನು ಹೊಳೆ ಪಕ್ಕದ ಬಂಡೆಯ ಮೇಲೆ ನಿಂತ ಹಾಗೆ ಬರೆಯೋಕೆ ಶುರುಮಾಡಿದ್ದ. ಆ ಚಿತ್ರ ಮುಗಿಯುವಷ್ಟರಲ್ಲಿ ರಸ್ಕಿನ್‌ನ ಹೆಂಡತಿ ಎಫಿ ಗಂಡನ ಮನೆ ಬಿಟ್ಟಿದ್ದಳು. 1855ರಲ್ಲಿ ಮಿಲೇಯನ್ನೇ ಮದುವೆಯಾದಳು. ಎಫಿಯ ತವರು ಪರ್ತ್, ಇಲ್ಲಿಂದ ದೂರವೇನಲ್ಲ. ಹಾಗಾಗಿ ಪ್ರತಿ ಶರತ್ಕಾಲ ಅವನು ಈ ಕಡೆಗೇ ಬರುತ್ತಿದ್ದ, ಸಾಲ್ಮನ್ ಮೀನು ಹಿಡಿಯೋಕೆ, ಬೇಟೆಗೆ. ಚಿತ್ರ ಬರೆಯುವುದು ಅದರ ಜೊತೆಗೇ ನಡೆಯುತ್ತಿತ್ತು. ಮೀನು ಹಿಡಿಯುವವನಿಗೆ ಹೊಳೆ ಎಲ್ಲಿ ಸುಳಿಯುತ್ತೆ, ಎಲ್ಲಿ ಶಾಂತವಾಗುತ್ತೆ ಅಂತ ಗೊತ್ತಿರಲೇಬೇಕು. ಅದು ಚಿತ್ರದಲ್ಲಿ ಕಾಣುತ್ತೆ.

ಮೂಲ ಚಿತ್ರ ಅಬರ್ಡೀನ್‌ಶೈರ್‌ನ ಫೈವಿ ಕೋಟೆಯ ಸಂಗ್ರಹದಲ್ಲಿದೆ. ಸೋಮವಾರ ಅಲ್ಲಿಗೆ ಫೋನ್ ಮಾಡಿ, ಗೋಡೆ ಮೇಲೆ ನೋಡೋಕೆ ಸಿಗುತ್ತಾ ಅಂತ ಕೇಳಿಕೊಂಡೇ ರೈಲು ಟಿಕೆಟ್ ತೆಗೆಯಬೇಕು.