ಶಿಸ್ತಿನ ಸರ್ವರ್‌ಗಳಿಗೇ ಬಂದ ಕುತ್ತು

2015ರ ಜುಲೈ 6, ಸೋಮವಾರ. ಇಂಟರ್ನೆಟ್ ಸಂಪರ್ಕಗಳನ್ನು ಗೂಢಲಿಪಿಯಲ್ಲಿ ಕಾಪಾಡುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ತಂಡ ಒಂದು ಚುಟುಕು ಪ್ರಕಟಣೆ ಹೊರಡಿಸಿತು. ಗುರುವಾರ ಹೊಸ ಆವೃತ್ತಿಗಳು ಬರಲಿವೆ, ಅವುಗಳಲ್ಲಿ ಒಂದೇ ಒಂದು ಭದ್ರತಾ ದೋಷದ ದುರಸ್ತಿ ಇರುತ್ತದೆ, ಅದರ ತೀವ್ರತೆ ಹೆಚ್ಚಿನದು. ದೋಷ ಯಾವುದು ಎಂಬುದರ ಸುಳಿವೇ ಇಲ್ಲ. ಹಿಂದಿನ ವರ್ಷವಷ್ಟೇ ಅದೇ ಲೈಬ್ರರಿಯ ಹಾರ್ಟ್‌ಬ್ಲೀಡ್ ಎಂಬ ದೋಷದ ಗಲಾಟೆಯಲ್ಲಿ ನಿದ್ದೆಗೆಟ್ಟಿದ್ದವರಿಗೆ ಹೊಟ್ಟೆ ತಳಮಳಗೊಳ್ಳಲು ಅಷ್ಟೇ ಸಾಕಾಗಿತ್ತು.

ಆಗ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಗುರುವಾರದವರೆಗೆ ಮಾಡಲು ಇದ್ದದ್ದು ಒಂದೇ ಕೆಲಸ: ಯಾವ ಯಂತ್ರದಲ್ಲಿ ಯಾವ ಆವೃತ್ತಿಯಿದೆ ಎಂದು ಪಟ್ಟಿ ಮಾಡುವುದು. ವೆಬ್ ಸರ್ವರ್‌ಗಳಲ್ಲಿ ಮೂಲ ಕೋಡ್‌ನಿಂದ ನಾವೇ ಕಂಪೈಲ್ ಮಾಡಿದ 1.0.2ಸಿ ಇತ್ತು. ಮೂಲೆಯಲ್ಲಿ ಕುಳಿತಿದ್ದ ಹಳೆಯ ಸೆಂಟ್‌ಒಎಸ್ (ಲಿನಕ್ಸ್‌ನ ಒಂದು ಸಿದ್ಧ ವಿತರಣೆ) ಯಂತ್ರದಲ್ಲಿ 1.0.1ಇ. ಅದನ್ನು ಕಂಡರೆ ನಮಗೆಲ್ಲ ಸ್ವಲ್ಪ ಮುಜುಗರ. ಹಾಗಾಗಿ ಪಟ್ಟಿಯಲ್ಲಿ ಅದಕ್ಕೇ ಕೆಂಪು ಬಣ್ಣ ಹಚ್ಚಿದೆವು.

ಗುರುವಾರ ಸಂಜೆ ಪ್ರಕಟಣೆ ಬಂತು. ಓದಿ ಮುಗಿಸುವಷ್ಟರಲ್ಲಿ ಪಟ್ಟಿ ತಲೆಕೆಳಗಾಗಿತ್ತು. ದೋಷ ಇದ್ದದ್ದು ನಾಲ್ಕೇ ಆವೃತ್ತಿಗಳಲ್ಲಿ: 1.0.1ಎನ್, 1.0.1ಒ, 1.0.2ಬಿ ಮತ್ತು 1.0.2ಸಿ. ನಾಲ್ಕೂ ಬಿಡುಗಡೆಯಾದದ್ದು ಜೂನ್ 11 ಮತ್ತು 12ರಂದು. ಅಂದರೆ ಒಂದು ತಿಂಗಳಿಂದೀಚೆಗೆ ಮುತುವರ್ಜಿಯಿಂದ ನವೀಕರಿಸಿಕೊಂಡವರಿಗೆ ಮಾತ್ರ ಈ ಪ್ರಸಾದ. ರೆಡ್ ಹ್ಯಾಟ್, ಡೆಬಿಯನ್‌ನಂಥ ವಿತರಣೆಗಳ ಸ್ಥಿರ ಆವೃತ್ತಿಗಳಲ್ಲಿದ್ದವರು ಬೇಕಾದರೆ ಮನೆಗೆ ಹೋಗಿ ಊಟ ಮಾಡಬಹುದಿತ್ತು.

ದೋಷದ ಒಳಹೂರಣ ಸ್ವಾರಸ್ಯಕರವಾಗಿದೆ. ಒಂದು ತಾಣ ತನ್ನ ಗುರುತಿನ ಪತ್ರವಾದ ಸರ್ಟಿಫಿಕೇಟ್ ತೋರಿಸಿದಾಗ, ಅದಕ್ಕೆ ಸಹಿ ಹಾಕಿದವರು ಯಾರು, ಅವರಿಗೆ ಸಹಿ ಹಾಕಿದವರು ಯಾರು ಎಂದು ಸರಪಳಿ ಹಿಡಿದು ಮೇಲೇರಿ, ನಮ್ಮ ಯಂತ್ರ ಮೊದಲೇ ನಂಬಿರುವ ಒಂದು ರೂಟ್ ಸರ್ಟಿಫಿಕೇಟ್‌ವರೆಗೆ ತಲುಪಬೇಕು. ಆ ಹೊತ್ತಿಗೆ 1024 ಬಿಟ್‌ಗಳ ಕೀಲಿಯ, ದುರ್ಬಲವೆನಿಸಿದ್ದ ಹಳೆಯ ರೂಟ್‌ಗಳನ್ನು ನಂಬಿಕೆಯ ಪಟ್ಟಿಯಿಂದ ಕೈಬಿಡಲಾಗುತ್ತಿತ್ತು. ಎಷ್ಟೋ ತಾಣಗಳು ಮಾತ್ರ ಅವುಗಳತ್ತ ಹೋಗುವ ಸರಪಳಿಯನ್ನೇ ಕಳಿಸುತ್ತಿದ್ದವು. ಮೊದಲ ದಾರಿ ಮುಚ್ಚಿದ್ದರೆ ಹಿಂದೆ ಸರಿದು ಇನ್ನೊಂದು ದಾರಿ ಹುಡುಕುವ ಸೌಲಭ್ಯವನ್ನು ಜೂನ್‌ನಲ್ಲಿ ಸೇರಿಸಿದರು. ಹಾಗೆ ಹಿಂದೆ ಸರಿಯುವಾಗ, ಹೊರಗಿನಿಂದ ಬಂದ ಸರ್ಟಿಫಿಕೇಟ್‌ಗಳು ಎಷ್ಟು ಎಂಬ ಲೆಕ್ಕ ತಪ್ಪಿತು. ಪರೀಕ್ಷಿಸಬೇಕಾದ ಒಂದು ಸರ್ಟಿಫಿಕೇಟ್, ಮನೆಯವರ ಸಾಲಿನಲ್ಲಿ, ಅಂದರೆ ಮೊದಲೇ ನಂಬಿದವುಗಳ ಜೊತೆ, ಎಣಿಕೆಯಾಗಿ ಪರೀಕ್ಷೆಯಿಂದ ಪಾರಾಗುತ್ತಿತ್ತು. ಬೇರೆಯವರಿಗೆ ಸರ್ಟಿಫಿಕೇಟ್ ಕೊಡುವ ಅಧಿಕಾರ ಇದಕ್ಕಿದೆಯೇ ಎಂದು ಕೇಳುವವರೇ ಇಲ್ಲ. ಮತದಾರರ ಗುರುತಿನ ಚೀಟಿ ಇರುವವನು ತಾನೇ ಕುಳಿತು ಊರಿನವರಿಗೆಲ್ಲ ಚೀಟಿ ಬರೆದುಕೊಟ್ಟಂತೆ. ತನ್ನ ಪುಟ್ಟ ತಾಣಕ್ಕೆ ಸಾಮಾನ್ಯ ಸರ್ಟಿಫಿಕೇಟ್ ಪಡೆದಿದ್ದ ಯಾರು ಬೇಕಾದರೂ ಬ್ಯಾಂಕಿನ ಹೆಸರಿನಲ್ಲಿ ಒಂದನ್ನು ಸೃಷ್ಟಿಸಬಹುದಿತ್ತು. ಇದನ್ನು ಪತ್ತೆಹಚ್ಚಿ ಜೂನ್ 24ರಂದು ತಿಳಿಸಿದವರು ಗೂಗಲ್‌ನ ಆಡಮ್ ಲ್ಯಾಂಗ್ಲಿ ಮತ್ತು ಡೇವಿಡ್ ಬೆಂಜಮಿನ್.

ಪೆಟ್ಟು ಬೀಳುವುದು ಸರ್ಟಿಫಿಕೇಟ್ ತೋರಿಸುವವನಿಗಲ್ಲ, ಪರಿಶೀಲಿಸುವವನಿಗೆ. ಆದ್ದರಿಂದ ನನ್ನ ಕಣ್ಣು ಹೋದದ್ದು ವೆಬ್ ಸರ್ವರ್ ಕಡೆಗಲ್ಲ, ಅದೇ ಯಂತ್ರದಿಂದ ಪೇಮೆಂಟ್ ಗೇಟ್‌ವೇಗೆ ಕರೆ ಮಾಡುತ್ತಿದ್ದ ನಮ್ಮ ಪ್ರೋಗ್ರಾಮ್ ಕಡೆಗೆ. ಗೇಟ್‌ವೇಯವರನ್ನೂ ಒಂದು ಮಾತು ಕೇಳೋಣವೆಂದು ಮೇಲ್ ಕಳಿಸಿದೆ. "ನಮ್ಮ ಸರ್ಟಿಫಿಕೇಟ್‌ನ ಅವಧಿ ಇನ್ನೂ ಮುಗಿದಿಲ್ಲ, ಚಿಂತೆ ಬೇಡ" ಎಂಬ ಉತ್ತರ ಬಂತು. ಅಲ್ಲಿಗೆ ಆ ಪತ್ರವ್ಯವಹಾರ ಮುಗಿಯಿತು.

1.0.2ಡಿ ಇಳಿಸಿ ಕಂಪೈಲ್ ಮಾಡುವುದು ದೊಡ್ಡ ಕೆಲಸವಲ್ಲ. ತಲೆನೋವು ಇದ್ದದ್ದು ಆಮೇಲೆ. ಡಿಸ್ಕ್‌ನಲ್ಲಿ ಹೊಸ ಲೈಬ್ರರಿ ಕುಳಿತರೂ, ಓಡುತ್ತಿರುವ ಪ್ರೋಗ್ರಾಮ್‌ಗಳು ಮೆಮೊರಿಯಲ್ಲಿರುವ ಹಳೆಯದನ್ನೇ ಹಿಡಿದುಕೊಂಡಿರುತ್ತವೆ. ಅಳಿಸಿಹೋದ ಫೈಲನ್ನು ಇನ್ನೂ ಬಳಸುತ್ತಿರುವವರು ಯಾರೆಂದು ಒಂದೊಂದಾಗಿ ಹುಡುಕಿ, ಗಿರಾಕಿಗಳ ಆರ್ಡರ್ ಕಡಿಮೆಯಾಗುವ ತಡರಾತ್ರಿಯವರೆಗೆ ಕಾದು ಮರುಚಾಲನೆ ಮಾಡಬೇಕಾಯಿತು. ಲೈಬ್ರರಿಯನ್ನು ತನ್ನೊಳಗೇ ಬೆಸೆದುಕೊಂಡಿದ್ದ ಒಂದು ಪ್ರೋಗ್ರಾಮ್ ಈ ಹುಡುಕಾಟಕ್ಕೆ ಸಿಗಲೇ ಇಲ್ಲ. ಅದರ ನೆನಪಿದ್ದ ಸಹೋದ್ಯೋಗಿಯೊಬ್ಬರು ಮನೆಯಿಂದ ಫೋನ್ ಮಾಡಿ ತಿಳಿಸಿದರು.

ಮರುದಿನ ಮ್ಯಾನೇಜರ್ ಪಟ್ಟಿ ನೋಡಿ, "ಹಾಗಾದರೆ ಅಪ್‌ಡೇಟ್ ಮಾಡದೆ ಇದ್ದವರೇ ಜಾಣರು ಎಂದಾಯಿತಲ್ಲ?" ಎಂದರು. ಹಾಗಲ್ಲ ಸರ್ ಎಂದು ವಾದಕ್ಕಿಳಿದೆ. ಜೂನ್‌ನ ನವೀಕರಣ ಬೇಕಾಗಿಯೇ ಇತ್ತು. ಗುಪ್ತ ಸಂಪರ್ಕವನ್ನು ದುರ್ಬಲ ಕೀಲಿಗೆ ಇಳಿಸಿ ಕದ್ದು ಓದುವ ಲಾಗ್‌ಜಾಮ್ ದಾಳಿಗೆ ಎದುರಾಗಿ ದುರ್ಬಲ ಕೀಲಿಗಳನ್ನು ತಿರಸ್ಕರಿಸುವ ಬದಲಾವಣೆ ಅದರಲ್ಲೇ ಇತ್ತು. ನನ್ನ ತಕರಾರು ಇದ್ದದ್ದು ಬೇರೆಡೆ. ಭದ್ರತಾ ದುರಸ್ತಿಯೆಂದು ನಾವು ಕಣ್ಣುಮುಚ್ಚಿ ತೆಗೆದುಕೊಳ್ಳುವ ಪೊಟ್ಟಣದಲ್ಲೇ, ಸರ್ಟಿಫಿಕೇಟ್ ಪರಿಶೀಲಿಸುವ ಕ್ರಮವನ್ನೇ ಬದಲಿಸುವ ಹೊಸ ಸೌಲಭ್ಯವನ್ನೂ ತುಂಬಿಸಿದ್ದರು. ಆ ಸೆಂಟ್‌ಒಎಸ್ ಯಂತ್ರ ಉಳಿದದ್ದು ಸೋಮಾರಿತನದಿಂದಲ್ಲ. ಅದನ್ನು ರೂಪಿಸುವವರು ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು, ದುರಸ್ತಿಯನ್ನಷ್ಟೇ ಹೆಕ್ಕಿ ಅದಕ್ಕೆ ಹೊಲಿಯುತ್ತಿದ್ದರು. ಹೊರಗಿನ ಅಂಕಿ ನೋಡಿ ಹಳತೆಂದು ಕೆಂಪು ಬಣ್ಣ ಬಳಿದವರು ನಾವು.

ಮ್ಯಾನೇಜರ್‌ಗೆ ವಾದ ಪೂರ್ತಿ ಒಪ್ಪಿಗೆಯಾಗಲಿಲ್ಲ, ಬದಲಾವಣೆಗೆ ಸಹಿಯನ್ನಂತೂ ಹಾಕಿದರು. ಪೇಮೆಂಟ್ ಪ್ರೋಗ್ರಾಮನ್ನು ಕೆಲವೇ ವಾರಗಳಲ್ಲಿ ಸೆಂಟ್‌ಒಎಸ್ ಒದಗಿಸುವ ಲೈಬ್ರರಿಗೆ ಬದಲಿಸಿದೆವು. ವೆಬ್ ಸರ್ವರ್‌ಗೆ ಎಎಲ್‌ಪಿಎನ್ (ಸಂಪರ್ಕ ಶುರುವಾಗುವಾಗಲೇ ಮುಂದೆ ಯಾವ ಪ್ರೋಟೊಕಾಲ್ ಎಂದು ಎರಡೂ ಕಡೆಯವರು ಒಪ್ಪಿಕೊಳ್ಳುವ ಸೌಲಭ್ಯ) ಬೇಕಿತ್ತು, ಅದು 1.0.1 ಸರಣಿಯಲ್ಲಿ ಇರಲಿಲ್ಲ. ಅಲ್ಲಿ ಮಾತ್ರ ನಾವೇ ಕಂಪೈಲ್ ಮಾಡುವ ಪಾಡು ಮುಂದುವರಿಯಿತು.