ಮುರಕಲ್ಲಿನ ಕೆಂಪು

ನಮ್ಮ ತೋಟದ ಕೆರೆಗೆ ನೀರು ಬರುವುದು ಸುರಂಗದಿಂದ. ಅಜ್ಜನ ಕಾಲದಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ತೋಡಿದ್ದು. ಪೆರ್ಲದ ಕಡೆ ಇಂಥ ಸುರಂಗಗಳು ಬೇಕಾದಷ್ಟಿವೆ. ಮಳೆ ಮುಗಿದು ನವೆಂಬರ್ ಬಂತೆಂದರೆ ಕೆರೆ ತಿಳಿಯಾಗುತ್ತದೆ. ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟರೆ ಸಣ್ಣ ಮೀನುಗಳು ಬಂದು ಕಚಗುಳಿ ಇಡುತ್ತವೆ. ಹೋದ ನವೆಂಬರಿನ ಒಂದು ಭಾನುವಾರ ಆ ಕೆರೆಗೆ ಕ್ಯಾಮೆರಾ ಹಿಡಿದು ಇಳಿದೆ. ಪಕ್ಕದಲ್ಲಿ ಹೊಸದಾಗಿ ಕೊಂಡ ಸ್ಟ್ರೋಬ್, ಅಂದರೆ ನೀರೊಳಗೆ ಬಳಸುವ ಫ್ಲ್ಯಾಶ್.

ಅದರ ಹಿಂದಿನ ವರ್ಷ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ಡೈವ್ ಮಾಡಿದ್ದೆ. ಅಲ್ಲಿಂದ ತಂದ ಫೋಟೋಗಳೆಲ್ಲ ಹಸಿರು ಮಿಶ್ರಿತ ನೀಲಿ. ಮೀನೂ ಅದೇ ಬಣ್ಣ, ಬಂಡೆಯೂ ಅದೇ ಬಣ್ಣ. ನೋಡಿ ತುಂಬಾ ಬೇಜಾರಾಯಿತು. ಆಮೇಲೆ ತಿಳಿಯಿತು, ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಹೆಚ್ಚುಕಡಿಮೆ ಹೋಗಿಯೇ ಬಿಡುತ್ತದೆ. ಅದರ ಹಿಂದೆ ಕಿತ್ತಳೆ, ಹಳದಿ. ಆ ಬಣ್ಣ ಬೇಕಾದರೆ ಬೆಳಕನ್ನು ನಾವೇ ಹೊತ್ತುಕೊಂಡು ಇಳಿಯಬೇಕು.

ಯಾವ ಸ್ಟ್ರೋಬ್ ಕೊಳ್ಳುವುದು? ಎರಡು ತಿಂಗಳು ಇದೇ ಯೋಚನೆ. ನನ್ನ ಕ್ಯಾಮೆರಾ ಒಲಿಂಪಸ್ ಟಿಜಿ-6, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮೊದಲು ಕಣ್ಣು ಹೋದದ್ದು ಸೀ ಆಂಡ್ ಸೀ ಕಂಪೆನಿಯ ವೈಎಸ್-ಡಿ2 ಸ್ಟ್ರೋಬ್ ಮೇಲೆ. ಅದರ ಗೈಡ್ ನಂಬರ್, ಅಂದರೆ ಬೆಳಕಿನ ಶಕ್ತಿಯ ಅಳತೆ, 32. ಇನಾನ್ ಎಸ್-2000ರದ್ದು 20. ಜಾಸ್ತಿ ಇದ್ದದ್ದೇ ಒಳ್ಳೆಯದು ಅಂದುಕೊಂಡಿದ್ದೆ. ಆದರೆ ಆ ಲೆಕ್ಕ ಗಾಳಿಯಲ್ಲಿ ಅಳೆದದ್ದು. ನೀರಿನಲ್ಲಿ ಬೆಳಕು ಮೀನಿನವರೆಗೆ ಹೋಗಬೇಕು, ಅಲ್ಲಿಂದ ಲೆನ್ಸಿಗೆ ವಾಪಸ್ ಬರಬೇಕು, ಎರಡು ದಾರಿಯಲ್ಲೂ ಕೆಂಪು ಸೋರುತ್ತದೆ. ಒಂದು, ಒಂದೂವರೆ ಮೀಟರಿನಾಚೆಗೆ ದೊಡ್ಡ ಸ್ಟ್ರೋಬ್ ಕೂಡ ಬಣ್ಣ ತರಲು ತಿಣುಕುತ್ತದೆ. ಹಾಗಾದರೆ ಕಲಿಯುವವನು ಹಣ ಸುರಿಯಬೇಕಾದ್ದು ಶಕ್ತಿಗಲ್ಲ, ಹತ್ತಿರ ಹೋಗುವುದನ್ನು ಕಲಿಯಬೇಕು. ಇದು ಹೊಳೆದ ಮೇಲೆ ಮನಸ್ಸು ಹಗುರಾಯಿತು. ಚಿಕ್ಕ ಜಾತಿಯದನ್ನೇ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ನಾಲ್ಕು ಡಬಲ್ ಎ ಸೆಲ್ ಸಾಕು. ಚಾರ್ಜ್ ಮಾಡುವಂಥವನ್ನೇ ತಂದೆ.

ಕ್ಯಾಮೆರಾಕ್ಕೂ ಸ್ಟ್ರೋಬಿಗೂ ನಡುವೆ ಇರುವುದು ಫೈಬರ್ ಕೇಬಲ್. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಮಿಂಚಿದರೆ ಆ ಬೆಳಕು ಕೇಬಲಿನೊಳಗೆ ಓಡಿ ಸ್ಟ್ರೋಬನ್ನು ಎಬ್ಬಿಸುತ್ತದೆ. ವಿದ್ಯುತ್ ತಂತಿ ಇಲ್ಲ, ಹಾಗಾಗಿ ಹೌಸಿಂಗಿಗೆ, ಅಂದರೆ ಕ್ಯಾಮೆರಾ ಕೂರುವ ನೀರು ಹೋಗದ ಪೆಟ್ಟಿಗೆಗೆ, ಇನ್ನೊಂದು ತೂತು ಬೇಡ. ನನಗೆ ಇದೇ ದೊಡ್ಡ ಸಮಾಧಾನ.

ಕೆರೆಯಲ್ಲಿ ಮೊದಲ ಹತ್ತು ಫೋಟೋ ಪೂರ್ತಿ ಕಪ್ಪು. ದಂಡೆಯಲ್ಲಿ ಅಕ್ಕನ ಮಗ ಕೂತಿದ್ದ. ನೀರಿಗಿಳಿಯುವಾಗ ದಂಡೆಯಲ್ಲಿ ಒಬ್ಬರು ಇರಲೇಬೇಕು ಎಂದು ಅಕ್ಕ ಕಳಿಸಿದ್ದಳು.

"ಲೈಟ್ ಬರ್ತಾ ಇಲ್ಲ ಕಣೋ" ಅಂದೆ.

"ಬಂತಲ್ಲ ಮಾವ, ನಾನೇ ಕಂಡೆ!"

ಅವನು ಹೇಳಿದ್ದು ಸರಿ. ಸ್ಟ್ರೋಬ್ ಮಿಂಚುತ್ತಿತ್ತು, ಆದರೆ ಬೇಗ ಮಿಂಚುತ್ತಿತ್ತು. ನನ್ನ ಕ್ಯಾಮೆರಾ ಫೋಟೋಕ್ಕೆ ಮೊದಲು ಬೆಳಕಿನ ಅಳತೆಗೆಂದು ಸಣ್ಣದಾಗಿ ಒಮ್ಮೆ ಫ್ಲ್ಯಾಶ್ ಬಿಡುತ್ತದೆ, ಅದೇ ಪ್ರೀ-ಫ್ಲ್ಯಾಶ್. ಸ್ಟ್ರೋಬ್ ಅದನ್ನೇ ನಿಜವೆಂದು ನಂಬಿ ಉರಿದುಬಿಡುತ್ತಿತ್ತು. ಶಟರ್ ತೆರೆಯುವಾಗ ಕತ್ತಲೆ. ಕಣ್ಣಿಗೆ ಎರಡೂ ಒಂದೇ ಮಿಂಚಿನ ಹಾಗೆ ಕಾಣುತ್ತದೆ, ಅಲ್ವಾ? ಮೆಟ್ಟಿಲ ಮೇಲೆ ಕೂತು ಸ್ಟ್ರೋಬಿನ ಪ್ರೀ-ಫ್ಲ್ಯಾಶ್ ಸೆಟ್ಟಿಂಗ್ ಬದಲಿಸಿದೆ. ಕಪ್ಪು ಹೋಯಿತು.

ಈಗ ಬೇರೆ ತೊಂದರೆ. ಫೋಟೋ ತುಂಬ ಬಿಳಿ ಚುಕ್ಕೆ, ಹಿಟ್ಟು ಚೆಲ್ಲಿದ ಹಾಗೆ. ನನ್ನ ಕಾಲೇ ಕೆರೆಯ ಕೆಸರು ಎಬ್ಬಿಸಿತ್ತು, ಲೆನ್ಸಿನ ಪಕ್ಕದಲ್ಲೇ ಇದ್ದ ಸ್ಟ್ರೋಬ್ ಒಂದೊಂದು ಕಣವನ್ನೂ ಬೆಳಗಿಸುತ್ತಿತ್ತು. ಮಳೆಯ ರಾತ್ರಿ ಬೈಕಿನ ಹೆಡ್‌ಲೈಟಿಗೆ ರಸ್ತೆಗಿಂತ ಹನಿಗಳೇ ಜಾಸ್ತಿ ಕಾಣುವುದಿಲ್ಲವೇ, ಹಾಗೆ. ಸ್ಟ್ರೋಬಿನ ತೋಳನ್ನು ಪಕ್ಕಕ್ಕೆ ಚಾಚಿ, ಮುಖವನ್ನು ಸ್ವಲ್ಪ ಹೊರಗೆ ತಿರುಗಿಸಿದೆ. ಬೆಳಕಿನ ನಡು ಬೇಡ, ಅಂಚು ಸಾಕು. ಕಾಲು ಆಡಿಸದೆ ಕೆಸರು ಕೂರುವವರೆಗೆ ಸುಮ್ನೆ ತೇಲಿದೆ. ಚುಕ್ಕೆಗಳು ಮುಕ್ಕಾಲು ಪಾಲು ಹೋದವು. ಅದೇ ಬೆಲೆಯಲ್ಲಿ ದೊಡ್ಡ ಸ್ಟ್ರೋಬ್ ಸಿಕ್ಕಿದ್ದರೂ ಈ ತೋಳಿನ ಕೆಲಸವನ್ನು ಅದು ಮಾಡಿಕೊಡುತ್ತಿರಲಿಲ್ಲ.

ಕೊನೆಗೆ ಉಸಿರು ಹಿಡಿದು ಮುಳುಗಿದೆ. ಎರಡಾಳು ಆಳದಲ್ಲಿ ಕೆರೆಯ ಗೋಡೆಯಿಂದ ಒಂದು ಮೊಳ ದೂರ ನಿಂತು ಒತ್ತಿದೆ. ಕಣ್ಣಿಗೆ ಆ ಗೋಡೆ ಪಾಚಿ ಹಿಡಿದು ಮಂಕಾಗಿ ಕಾಣುತ್ತಿತ್ತು. ಮೇಲೆ ಬಂದು ಪರದೆ ನೋಡಿದರೆ ಮುರಕಲ್ಲಿನ ಅಸಲಿ ಕೆಂಪು! ಕಲ್ಲಿನ ತೂತುಗಳು, ಅದರೊಳಗಿನ ಹಳದಿ ಮಣ್ಣು, ಒಂದು ತೂತಿನಿಂದ ತಲೆ ಹೊರಗೆ ಹಾಕಿದ ಬೆರಳುದ್ದದ ಮೀನು. ಅದರ ಕಣ್ಣ ಸುತ್ತ ಸಣ್ಣ ಚಿನ್ನದ ಉಂಗುರ ಇದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಚಿಕ್ಕಂದಿನಿಂದ ನನ್ನ ಕಾಲು ಕಚ್ಚುತ್ತಿದ್ದ ಮೀನು ಅದು.

ಸಂಜೆ ಅಕ್ಕನ ಹತ್ತಿರ ಉಗುರುಬಣ್ಣ ಕೇಳಿ, ಸರಿಯಾದ ಸೆಟ್ಟಿಂಗಿನ ಪಕ್ಕ ಒಂದು ಕೆಂಪು ಬೊಟ್ಟು ಇಟ್ಟೆ. ನೀರು ಒಳಗೆ ನುಗ್ಗದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್, ಬಿಚ್ಚಿ ಒರೆಸುವಾಗ ಅದಕ್ಕೆ ಒಂದು ಕೂದಲೆಳೆ ಅಂಟಿತ್ತು. ಅಕ್ಕನ ಮಗ ಪಕ್ಕದಲ್ಲಿ ಕೂತು ಮೀನಿನ ಕಣ್ಣನ್ನು ದೊಡ್ಡದು ಮಾಡಿ ನೋಡುತ್ತಿದ್ದ.

"ಮಾವ, ನಾಳೆ ಸುರಂಗದ ಬಾಯಿ ಹತ್ತಿರ ತೆಗೆಯುವನಾ?"